ಫಿಲಡೆಲ್ಫಿಯಾದ ಸೆಂಟ್ರಲ್ ಹೈಸ್ಕೂಲು ಮತ್ತು ಅದರ ತಂಡಸಂಖ್ಯೆಗಳು

ಅಮೆರಿಕದ ಫಿಲಡೆಲ್ಫಿಯಾ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದವರು ತಾವು ಇಂಥ ಇಸವಿಯಲ್ಲಿ ಪಾಸಾದೆವೆಂದು ಹೇಳಿಕೊಳ್ಳುವುದಿಲ್ಲ. ತಮ್ಮ ತಂಡದ ಕ್ರಮಸಂಖ್ಯೆಯನ್ನು ಹೇಳುತ್ತಾರೆ. ಆ ಲೆಕ್ಕದ ಪ್ರಕಾರ ಚಿತ್ರಕಾರ ಥಾಮಸ್ ಈಕಿನ್ಸ್ 38ನೆಯ ತಂಡದವರು, ತತ್ತ್ವಶಾಸ್ತ್ರಜ್ಞ ಅಲೇನ್ ಲಾಕ್ 107ನೆಯ ತಂಡದವರು, ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ 184ನೆಯ ತಂಡದವರು. ಹಿಂದೆ ಬಹುಕಾಲ ಅಲ್ಲಿ ವರ್ಷಕ್ಕೆ ಎರಡು ತಂಡಗಳು ಓದು ಮುಗಿಸಿ ಹೊರಬೀಳುತ್ತಿದ್ದುದರಿಂದ ಇಸವಿಯೊಂದೇ ಗುರುತಿಗೆ ಸಾಲುತ್ತಿರಲಿಲ್ಲ. 1965ರ ನಂತರ ವರ್ಷಕ್ಕೆ ಒಂದೇ ತಂಡವೆಂದು ನಿಗದಿಯಾದರೂ ಎಣಿಕೆಯನ್ನು ಯಾರೂ ಕೈಬಿಡಲಿಲ್ಲ. 2016ರಲ್ಲಿ ಹೊರಬಂದದ್ದು 275ನೆಯ ತಂಡ.

ನಗರದ ತೆರಿಗೆ ಹಣದಲ್ಲಿ ನಡೆಯುವ ಒಂದು ಸಾರ್ವಜನಿಕ ಪ್ರೌಢಶಾಲೆಗೆ ಇಂಥ ವಂಶಾವಳಿಯ ಹಂಬಲ ಏಕೆ ಬಂದಿತೆಂಬ ಕುತೂಹಲದಿಂದಲೇ ನಾನು ಆ ಶಾಲೆಯ ಚರಿತ್ರೆಯನ್ನು ಓದತೊಡಗಿದ್ದು. ಓದಿದಂತೆಲ್ಲ ನನಗೆ ಖಚಿತವಾದದ್ದೇನೆಂದರೆ, ಶಾಲೆಯ ಕಟ್ಟಡ ಮೂರು ಬಾರಿ ಬದಲಾಗಿದೆ, ಪಠ್ಯಕ್ರಮ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ, ಸುತ್ತಲಿನ ನಗರವೇ ಗುರುತು ಸಿಗದಷ್ಟು ಬೇರೆಯಾಗಿದೆ. ಕಡಿಯದೆ ಉಳಿದಿರುವುದು ಈ ಎಣಿಕೆಯ ಸಾಲು ಮಾತ್ರ. ಆದ್ದರಿಂದಲೇ ಆ ಸಾಲಿನಲ್ಲಿ ಯಾರಿಗೆ ಜಾಗ ಉಂಟು, ಯಾರಿಗೆ ಇಲ್ಲ ಎಂಬ ಜಗಳಗಳು ಅಲ್ಲಿ ಅಷ್ಟು ತೀವ್ರವಾಗಿ ನಡೆದಿವೆ.

ಶಾಲೆಯ ಹುಟ್ಟಿನ ಹಿಂದೆ ಒಂದು ಮುಜುಗರದ ಸಂಗತಿಯಿದೆ. 1818ರ ಕಾನೂನಿನಡಿ ಫಿಲಡೆಲ್ಫಿಯಾದಲ್ಲಿ ತೆರೆದ ಸಾರ್ವಜನಿಕ ಶಾಲೆಗಳು ಬಡವರ ಮಕ್ಕಳಿಗಾಗಿ ಇದ್ದವು. ಅಲ್ಲಿಗೆ ಮಗನನ್ನು ಕಳುಹಿಸುವುದೆಂದರೆ ತಾನು ದರಿದ್ರನೆಂದು ಊರಿಗೆ ಒಪ್ಪಿಕೊಂಡಂತೆ. ಅವು ನಡೆಯುತ್ತಿದ್ದುದು ಇಂಗ್ಲೆಂಡಿನ ಜೋಸೆಫ್ ಲ್ಯಾಂಕಾಸ್ಟರ್ ರೂಪಿಸಿದ ಪದ್ಧತಿಯಲ್ಲಿ: ಒಬ್ಬನೇ ಉಪಾಧ್ಯಾಯ, ನೂರಾರು ಮಕ್ಕಳು, ನಡುವೆ ಪಾಠ ಒಪ್ಪಿಸಿಕೊಳ್ಳುವ ದೊಡ್ಡ ಹುಡುಗರು. (ಇದೇ ಬಗೆಯ ಪದ್ಧತಿಯನ್ನು ಪ್ರಚಾರ ಮಾಡಿದ ಆಂಡ್ರ್ಯೂ ಬೆಲ್‌ಗೆ ಅದರ ಸುಳಿವು ಸಿಕ್ಕಿದ್ದು ಮದರಾಸಿನಲ್ಲಿ, ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ಮಕ್ಕಳನ್ನು ನೋಡಿ. ನಮ್ಮ ಕೂಲಿಮಠದ ಐಗಳಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.) 1836ರಲ್ಲಿ, ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆ ಈ ಶಾಲೆಗಳನ್ನು ಎಲ್ಲ ವರ್ಗದ ಮಕ್ಕಳಿಗೂ ತೆರೆದು, ಅವೆಲ್ಲಕ್ಕೂ ಶಿಖರಪ್ರಾಯವಾಗಿ ಒಂದು ಕೇಂದ್ರ ಪ್ರೌಢಶಾಲೆಯನ್ನು ಕಟ್ಟಲು ಅನುಮತಿ ಕೊಟ್ಟಿತು. ಇದರಲ್ಲಿ ಜಾಣ ಲೆಕ್ಕಾಚಾರವೂ ಇತ್ತು. ಪ್ರೌಢಶಾಲೆಗೆ ಪ್ರವೇಶ ಬೇಕಾದರೆ ಹುಡುಗ ಮೊದಲು ಸಾರ್ವಜನಿಕ ಶಾಲೆಯಲ್ಲೇ ಓದಿರಬೇಕು, ಅಲ್ಲಿಂದ ಪರೀಕ್ಷೆ ಗೆದ್ದು ಮೇಲೆ ಬರಬೇಕು. ಹೀಗಾಗಿ ಮೇಲಿನ ಶಾಲೆಯ ಆಸೆಗೆ ಮಧ್ಯಮವರ್ಗದ ಕುಟುಂಬಗಳು ಕೆಳಗಿನ ಶಾಲೆಗಳಿಗೂ ಮಕ್ಕಳನ್ನು ಕಳುಹಿಸತೊಡಗಿದವು.

1838ರ ಅಕ್ಟೋಬರಿನಲ್ಲಿ 63 ಹುಡುಗರು ಮತ್ತು ನಾಲ್ವರು ಅಧ್ಯಾಪಕರೊಂದಿಗೆ ಜುನಿಪರ್ ಬೀದಿಯ ಕಟ್ಟಡದಲ್ಲಿ ಶಾಲೆ ಆರಂಭವಾಯಿತು. ಮರುವರ್ಷವೇ ಅದರ ಚಿತ್ರ ಇತಿಹಾಸಕ್ಕೆ ಸೇರಿತು. ಪಕ್ಕದ ಟಂಕಸಾಲೆಯಲ್ಲಿ ಕೆಲಸ ಮಾಡುತ್ತಿದ್ದ ಜೋಸೆಫ್ ಸ್ಯಾಕ್ಸ್‌ಟನ್, ಫ್ರಾನ್ಸಿನ ಡಗೇರ್ ಕಂಡುಹಿಡಿದ ಹೊಸ ವಿದ್ಯೆಯ ವರದಿ ಓದಿ, ತಾನೇ ಉಪಕರಣ ಹೊಂದಿಸಿಕೊಂಡು, ಕಿಟಕಿಯಿಂದ ಕಂಡದ್ದನ್ನು ಸಣ್ಣದೊಂದು ಲೋಹದ ಫಲಕದ ಮೇಲೆ ಮೂಡಿಸಿದ. ಕಂಡದ್ದು ಶಸ್ತ್ರಾಗಾರದ ಮೂಲೆ ಮತ್ತು ಸೆಂಟ್ರಲ್ ಹೈಸ್ಕೂಲಿನ ಗುಮ್ಮಟ. ಅಮೆರಿಕದಲ್ಲಿ ತೆಗೆದು ಇಂದಿಗೂ ಉಳಿದಿರುವ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಅದೂ ಒಂದು.

ಆ ಗುಮ್ಮಟ ಬರಿಯ ಅಲಂಕಾರಕ್ಕಾಗಿ ಇದ್ದುದಲ್ಲ. ಮ್ಯೂನಿಕ್ ನಗರದ ಮೆರ್ಟ್ಸ್ ಮತ್ತು ಮಾಲರ್ ತಯಾರಿಸಿದ ದೂರದರ್ಶಕವನ್ನು ತರಿಸಿ ಅಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಲಾಗಿತ್ತು. ಅದರ ಹೊಣೆ ಹೊತ್ತಿದ್ದವರು ಖಗೋಳಜ್ಞ ಸಿಯರ್ಸ್ ಕುಕ್ ವಾಕರ್. ಹಾರ್ವರ್ಡ್ ತನ್ನ ದೊಡ್ಡ ದೂರದರ್ಶಕವನ್ನು ಅದೇ ತಯಾರಕರಿಂದ ತರಿಸಿ ನಿಲ್ಲಿಸಿದ್ದು 1847ರಲ್ಲಿ ಎಂಬುದನ್ನು ನೆನೆದರೆ, ಹದಿಹರೆಯದ ಹುಡುಗರ ಶಾಲೆಯೊಂದು ಎಷ್ಟು ದೊಡ್ಡ ಆಸೆಯನ್ನು ಹೊತ್ತು ಹುಟ್ಟಿತೆಂಬುದು ತಿಳಿಯುತ್ತದೆ. ಆ ಆಸೆಗೆ ಆಕಾರ ಕೊಟ್ಟವರು ಬೆಂಜಮಿನ್ ಫ್ರಾಂಕ್ಲಿನ್ನರ ಮರಿಮಗ ಅಲೆಗ್ಸಾಂಡರ್ ಡಲಾಸ್ ಬೇಚ್. ಅನಾಥ ಹುಡುಗರಿಗಾಗಿ ಕಟ್ಟುತ್ತಿದ್ದ ಜಿರಾರ್ಡ್ ಕಾಲೇಜಿನ ಅಧ್ಯಕ್ಷರಾಗಿ ನೇಮಕಗೊಂಡಿದ್ದ ಅವರು ಎರಡು ವರ್ಷ ಯುರೋಪಿನ ಶಾಲೆಗಳನ್ನು ನೋಡಿ ಬಂದಿದ್ದರು. ಕಾಲೇಜಿನ ಕಟ್ಟಡ ಮುಗಿಯುವ ಲಕ್ಷಣ ಕಾಣದಿದ್ದುದರಿಂದ ಆ ಅನುಭವವನ್ನೆಲ್ಲ 1839ರಿಂದ ಪ್ರೌಢಶಾಲೆಗೆ ಧಾರೆಯೆರೆದರು. ಸ್ವಲ್ಪ ಕಾಲದಲ್ಲೇ ಅವರು ಶಾಲೆ ಬಿಟ್ಟು, ಮುಂದೆ ದೇಶದ ಕರಾವಳಿ ಸಮೀಕ್ಷೆಯ ಮುಖ್ಯಸ್ಥರಾದರೂ, ಶಾಲೆಯ ಮೇಲೆ ಬಿದ್ದ ಕಾಲೇಜಿನ ಅಚ್ಚು ಅಳಿಯಲಿಲ್ಲ. ಅಲ್ಲಿಯ ಅಧ್ಯಾಪಕರನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಮುಖ್ಯೋಪಾಧ್ಯಾಯರಿಗೆ ಇಂದಿಗೂ ಅಧ್ಯಕ್ಷರೆಂಬ ಪದನಾಮವೇ ಇದೆ. 1849ರಲ್ಲಿ ಶಾಸನಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೆಂಟ್ರಲ್‌ನಲ್ಲಿ ಓದು ಮುಗಿಸಿದವರಿಗೆ ವಿಶ್ವವಿದ್ಯಾಲಯದಂತೆಯೇ ಕಲಾಪದವಿಗಳನ್ನು ಕೊಡುವ ಅಧಿಕಾರವನ್ನು ಶಿಕ್ಷಣಮಂಡಳಿಗೆ ನೀಡಿತು. ಆ ಕಾನೂನು ಈಗಲೂ ಜಾರಿಯಲ್ಲಿದೆ. ನಿಗದಿತ ಮಟ್ಟ ಮುಟ್ಟಿದ ಹದಿನೆಂಟರ ಹುಡುಗ ಹುಡುಗಿಯರು ಪ್ರೌಢಶಾಲೆಯಿಂದಲೇ ಬಿ.ಎ. ಪದವಿ ಪಡೆದು ಹೊರಬರುತ್ತಾರೆ. ಇಂದಿನ ವಿಶ್ವವಿದ್ಯಾಲಯಗಳು ಆ ಪದವಿಯನ್ನು ನಿಜವಾದ ಬಿ.ಎ.ಗೆ ಸಮನೆಂದು ಎಣಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅದನ್ನು ಬಿಟ್ಟುಕೊಡಲು ಶಾಲೆಗೆ ಮನಸ್ಸಿಲ್ಲ. ಈ ಹಟ ನನಗೆ ಹಿಡಿಸುತ್ತದೆ.

ಅಷ್ಟಾಗಿ ಹಿಡಿಸದ ಪರಂಪರೆಯೂ ಒಂದಿದೆ. ಬೇಚ್ ಅವರ ನಂತರ 1842ರಿಂದ 1858ರವರೆಗೆ ಶಾಲೆಯನ್ನು ನಡೆಸಿದ ಜಾನ್ ಸೀಲಿ ಹಾರ್ಟ್ ಅಂಕಗಳ ಒಂದು ಬಿಗಿಯಾದ ವ್ಯವಸ್ಥೆಯನ್ನು ತಂದರು. ದಿನದಿನದ ಪಾಠಕ್ಕೆ ಅಂಕ, ನಡತೆಗೂ ಅಂಕ, ಎರಡನ್ನೂ ಬೆರೆಸಿ ಬಂದ ಒಂದೇ ಮೊತ್ತದಿಂದ ಹುಡುಗನ ಸ್ಥಾನ ನಿರ್ಣಯವಾಗುತ್ತಿತ್ತು. ತಂದೆ ವ್ಯಾಪಾರಿಯೋ ಬಡಗಿಯೋ ಎಂಬುದು ಆ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲವೆಂಬುದು ಅದರ ಹಿರಿಮೆ. ಆದರೆ ಸೇರಿದ ಹುಡುಗರಲ್ಲಿ ಬಹುಪಾಲು ಮಂದಿ ಕೊನೆಯ ವರ್ಷದವರೆಗೆ ಉಳಿಯುತ್ತಿರಲಿಲ್ಲ. ಎಷ್ಟೋ ಜನ ಎರಡು ವರ್ಷ ಓದಿ ಅಂಗಡಿ, ಕಚೇರಿಗಳ ಗುಮಾಸ್ತಿಕೆಗೆ ಹೊರಟುಬಿಡುತ್ತಿದ್ದರು. ಆಗಿನ ಕಾಲಕ್ಕೆ ಅದೇ ಸಾಕಷ್ಟು ಬೆಲೆಬಾಳುವ ವಿದ್ಯೆಯಾಗಿತ್ತು. ಹೀಗಾಗಿ ಮೊದಮೊದಲಿನ ತಂಡಸಂಖ್ಯೆಗಳು ನಿಜಕ್ಕೂ ಬಹಳ ಸಣ್ಣ ಗುಂಪುಗಳ ಹೆಸರು.

ಆ ಸಣ್ಣ ಗುಂಪುಗಳಿಂದ ಬಂದವರ ಕಥೆಗಳಲ್ಲಿ ಶಾಲೆ ಏನು ಕಲಿಸುತ್ತಿತ್ತೆಂಬುದು ಕಾಣುತ್ತದೆ. 1840ರಿಂದ ಕೆಲವು ವರ್ಷ ಅಲ್ಲಿ ರೇಖಾಚಿತ್ರ ಕಲಿಸಿದವರು ಆ ಕಾಲದ ಹೆಸರಾಂತ ಚಿತ್ರಕಾರ ರೆಂಬ್ರಾಂಟ್ ಪೀಲ್. ಬರವಣಿಗೆ ಮತ್ತು ಚಿತ್ರ ಎರಡೂ ಕೈಯ ಒಂದೇ ಶಿಸ್ತಿನಿಂದ ಹುಟ್ಟುತ್ತವೆಂಬುದು ಅವರ ನಂಬಿಕೆ. ಎಲ್ಲ ಹುಡುಗರೂ ಚಿತ್ರ ಬರೆಯಲು ಕಲಿಯಲೇಬೇಕಿತ್ತು. ಅವರು ಹಾಕಿಕೊಟ್ಟ ಪಾಠಕ್ರಮದಲ್ಲಿ ಪಳಗಿದ ಥಾಮಸ್ ಈಕಿನ್ಸ್ ವಿದ್ಯಾರ್ಥಿಯಾಗಿದ್ದಾಗ ಬರೆದ ಕಡೆತದ ಯಂತ್ರವೊಂದರ ಚಿತ್ರ ಇಂದಿಗೂ ಉಳಿದಿದ್ದು, ಅದರ ಗಾಲಿ, ಪಟ್ಟಿ, ತಿರುಪುಗಳ ಅಳತೆಯಲ್ಲಿ ಮುಂದೆ ದೋಣಿ ನಡೆಸುವವರನ್ನೂ ಶಸ್ತ್ರವೈದ್ಯರನ್ನೂ ಅಷ್ಟೇ ನಿಖರವಾಗಿ ಚಿತ್ರಿಸಿದ ಕೈ ಸ್ಪಷ್ಟವಾಗಿ ಕಾಣುತ್ತದೆ. 1861ರಲ್ಲಿ ಓದು ಮುಗಿಸಿದ ಈಕಿನ್ಸ್, ಮರುವರ್ಷ ಅದೇ ಶಾಲೆಯ ಚಿತ್ರಕಲಾ ಅಧ್ಯಾಪಕನ ಹುದ್ದೆಗೆ ಅರ್ಜಿ ಹಾಕಿದರು. ಹುದ್ದೆ ಸಿಕ್ಕಿದ್ದು ಅಲ್ಲಿಯೇ ಓದಿದ ಜೋಸೆಫ್ ಬಾಗ್ಸ್ ಬೀಲ್ ಎಂಬಾತನಿಗೆ. ಮಂಡಳಿಯ ಆಯ್ಕೆಯನ್ನು ಇಂದು ನಗಲು ಸುಲಭ, ಆದರೆ ಈಕಿನ್ಸ್ ಆ ಕೆಲಸಕ್ಕೆ ಸೇರಿದ್ದರೆ ಪ್ಯಾರಿಸ್ಸಿಗೆ ಹೋಗುತ್ತಿದ್ದರೋ ಇಲ್ಲವೋ.

ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು ಎಲಿಹು ಥಾಮ್ಸನ್ ಮತ್ತು ಎಡ್ವಿನ್ ಹ್ಯೂಸ್ಟನ್ ಅವರ ಕಥೆ. ಹ್ಯೂಸ್ಟನ್ ಅಲ್ಲಿಯೇ ಓದಿ ಅಲ್ಲಿಯೇ ಪ್ರೊಫೆಸರ್ ಆದವರು. ಥಾಮ್ಸನ್ ಹ್ಯೂಸ್ಟನ್ನರ ಶಿಷ್ಯ, 1870ರಲ್ಲಿ ಓದು ಮುಗಿಸಿ ಮುಂದೆ ರಸಾಯನಶಾಸ್ತ್ರ ಕಲಿಸುತ್ತಿದ್ದವರು. 1875ರ ಕೊನೆಯಲ್ಲಿ ಎಡಿಸನ್ ತಾನು ವಿದ್ಯುತ್ತಲ್ಲದ ಒಂದು ಹೊಸ ಶಕ್ತಿಯನ್ನು ಕಂಡುಹಿಡಿದೆನೆಂದು ಸಾರಿದಾಗ, ಈ ಇಬ್ಬರು ಶಾಲೆಯ ಕಟ್ಟಡದಲ್ಲೇ ಅದನ್ನು ಪರೀಕ್ಷೆಗೆ ಒಡ್ಡಿದರು. ಒಂದು ಕೋಣೆಯಲ್ಲಿ ಇಂಡಕ್ಷನ್ ಕಾಯಿಲ್ ಕಿಡಿ ಹಾರಿಸುತ್ತಿದ್ದರೆ, ಥಾಮ್ಸನ್ ಪೆನ್ಸಿಲ್ ಹಿಡಿದು ಮಹಡಿಯಿಂದ ಮಹಡಿಗೆ ಹತ್ತುತ್ತ, ಬಾಗಿಲುಗಳ ಲೋಹದ ಹಿಡಿಗಳಿಗೆ ಅದರ ತುದಿ ತಾಗಿಸಿ, ದೂರದ ಕೋಣೆಗಳಲ್ಲೂ ಸಣ್ಣ ಕಿಡಿ ಹೊಮ್ಮುವುದನ್ನು ಕಂಡರು. ಇದು ಹೊಸ ಶಕ್ತಿಯಲ್ಲ, ವಿದ್ಯುತ್ತಿನದೇ ಪರಿಣಾಮ ಎಂದು ಇಬ್ಬರೂ ಪ್ರಕಟಿಸಿದರು. ಜರ್ಮನಿಯ ಭೌತವಿಜ್ಞಾನಿ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ತೋರಿಸಿಕೊಡುವುದಕ್ಕೆ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲವಿತ್ತು. ರೇಡಿಯೋ ಅಲೆಗಳು ಒಂದು ಪ್ರೌಢಶಾಲೆಯ ಪಡಸಾಲೆಗಳಲ್ಲಿ ಆಗಲೇ ಹರಿದಾಡಿದ್ದವು. ಗುರುಶಿಷ್ಯರ ಹೆಸರಿನ ಥಾಮ್ಸನ್-ಹ್ಯೂಸ್ಟನ್ ವಿದ್ಯುತ್ ಕಂಪನಿ 1892ರಲ್ಲಿ ಎಡಿಸನ್ನರ ಕಂಪನಿಯೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಹುಟ್ಟಿತು.

ಕಟ್ಟಡಗಳ ವಿಷಯವನ್ನು ಬೇಗ ಮುಗಿಸಬಹುದು. ಜುನಿಪರ್ ಬೀದಿಯ ಸುತ್ತ ವ್ಯಾಪಾರದ ಗದ್ದಲ ಹೆಚ್ಚಿದಾಗ 1854ರಲ್ಲಿ ಶಾಲೆ ಬ್ರಾಡ್ ಮತ್ತು ಗ್ರೀನ್ ಬೀದಿಗಳ ಮೂಲೆಗೆ ಹೋಯಿತು; 1900ರಲ್ಲಿ ಅಲ್ಲಿಯೇ ಇನ್ನೂ ದೊಡ್ಡ ಕಟ್ಟಡಕ್ಕೆ ಬಂದಿತು, ಅದರ ವಿಧ್ಯುಕ್ತ ಸಮರ್ಪಣೆಗೆ 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಬಂದಿದ್ದರು. 1939ರಲ್ಲಿ ನಗರದ ಉತ್ತರಭಾಗದ ಓಗಾಂಟ್ಸ್ ಮತ್ತು ಓಲ್ನಿ ರಸ್ತೆಗಳ ಸಂಧಿಗೆ ಸ್ಥಳಾಂತರವಾಗಿ ಇಂದಿಗೂ ಅಲ್ಲಿಯೇ ಇದೆ.

ತಂಡವೆಂಬುದು ಬರಿಯ ಅಂಕಿಯಲ್ಲವೆಂಬುದಕ್ಕೆ ಆಲ್ಬರ್ಟ್ ಬಾರ್ನ್ಸ್ ಒಳ್ಳೆಯ ಉದಾಹರಣೆ. ಮಾಂಸದ ಕಾರ್ಖಾನೆಯ ಕಾರ್ಮಿಕನ ಮಗನಾಗಿದ್ದ ಬಾರ್ನ್ಸ್ ಸೆಂಟ್ರಲ್‌ನಲ್ಲಿ ಓದುವಾಗ ಚಿತ್ರಕಾರ ವಿಲಿಯಂ ಗ್ಲಾಕೆನ್ಸ್ ಅವರ ಸಹಪಾಠಿ. ಬಾರ್ನ್ಸ್ ಔಷಧದ ವ್ಯಾಪಾರದಲ್ಲಿ ಶ್ರೀಮಂತರಾದ ಮೇಲೆ ಹಳೆಯ ಗೆಳೆಯನನ್ನು ಹುಡುಕಿಕೊಂಡು ಹೋಗಿ, 1912ರಲ್ಲಿ 20,000 ಡಾಲರ್ ಕೊಟ್ಟು, ಒಳ್ಳೆಯ ಚಿತ್ರಗಳನ್ನು ಆರಿಸಿ ತರುವಂತೆ ಪ್ಯಾರಿಸ್ಸಿಗೆ ಕಳುಹಿಸಿದರು. ರೆನ್ವಾರ್, ಸೆಜಾನ್, ಮಾತೀಸ್ ಕೃತಿಗಳಿಗೆ ಇಂದು ಜಗತ್ಪ್ರಸಿದ್ಧವಾಗಿರುವ ಬಾರ್ನ್ಸ್ ಸಂಗ್ರಹದ ಬುನಾದಿ ಆ ಪ್ರಯಾಣದಲ್ಲಿ ಬಿದ್ದಿತು. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಇಟ್ಟಿಗೆಯ ಕಮಾನುಗಳನ್ನು ಕಂಡವರಿಗೆ ಪರಿಚಿತರಾದ ಲೂಯಿ ಕಾನ್ ಕೂಡ ಇಲ್ಲಿಯವರೇ. ಎಸ್ಟೋನಿಯಾದಿಂದ ವಲಸೆ ಬಂದ ಬಡ ಯಹೂದಿ ಕುಟುಂಬದ ಈ ಹುಡುಗ ಚಿತ್ರಕಾರನಾಗಬೇಕೆಂದಿದ್ದ. ಕೊನೆಯ ವರ್ಷದಲ್ಲಿ ವಿಲಿಯಂ ಗ್ರೇ ಎಂಬ ಅಧ್ಯಾಪಕರ ವಾಸ್ತುಶಿಲ್ಪದ ಪಾಠಗಳನ್ನು ಕೇಳಿ ಮನಸ್ಸು ಬದಲಿಸಿದ.

ಹೊಗಳಿಕೆಯ ಈ ಸಾಲಿಗೆ ಚಾಮ್ಸ್ಕಿ ಸೇರುವುದಿಲ್ಲ, ಅವರನ್ನು ಬಿಟ್ಟು ಮುಂದೆ ಹೋಗುವುದೂ ಸರಿಯಲ್ಲ. ಅಂಕಗಳೇ ಇಲ್ಲದ ಒಂದು ಪ್ರಯೋಗಶೀಲ ಶಾಲೆಯಲ್ಲಿ ಬಾಲ್ಯ ಕಳೆದು ಸೆಂಟ್ರಲ್‌ಗೆ ಬಂದ ಅವರಿಗೆ, ತಾನು ಜಾಣ ವಿದ್ಯಾರ್ಥಿಯೆಂಬ ಸುದ್ದಿ ತಿಳಿದದ್ದೇ ಅಲ್ಲಿಯಂತೆ. ಆದರೆ ಯಾರು ಯಾರಿಗಿಂತ ಮುಂದೆ ಎಂಬ ಸ್ಪರ್ಧೆಯೇ ತುಂಬಿದ್ದ ಆ ವರ್ಷಗಳು ತಮ್ಮ ನೆನಪಿನಲ್ಲಿ ಹೆಚ್ಚುಕಡಿಮೆ ಬರಿದು ಎಂದು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹಾರ್ಟ್ ಅವರ ಅಂಕಪಟ್ಟಿಗೆ ನೂರು ವರ್ಷ ತಡವಾಗಿ ಬಂದ ಉತ್ತರ ಇದೆಂದು ನಾನು ಭಾವಿಸುತ್ತೇನೆ.

ಆಟದ ಪರಂಪರೆ ಇದಕ್ಕಿಂತ ಸರಳ. ಕೃತಜ್ಞತಾ ದಿನದಂದು ನಾರ್ತ್‌ಈಸ್ಟ್ ಹೈಸ್ಕೂಲಿನೊಂದಿಗೆ ನಡೆಯುವ ಫುಟ್‌ಬಾಲ್ ಪಂದ್ಯದ ಪೈಪೋಟಿ 1892ರಿಂದ ಬಂದದ್ದು. ಎದುರಾಳಿ ಆಗ ಕೈಕಸುಬು ಕಲಿಸುವ ಶಾಲೆಯಾಗಿತ್ತು. ದೇಶದಲ್ಲೇ ಅತಿ ಹಳೆಯ ಪೈಪೋಟಿ ಇದೆಂದು ಅಭಿಮಾನಿಗಳು ಹೇಳುವುದುಂಟು, ಆದರೆ ಬಾಸ್ಟನ್ನಿನ ಎರಡು ಸಾರ್ವಜನಿಕ ಶಾಲೆಗಳು 1887ರಿಂದಲೇ ಆಡುತ್ತಿರುವುದರಿಂದ ಆ ಹೆಮ್ಮೆಯನ್ನು ಕೊಂಚ ತಗ್ಗಿಸಿಕೊಳ್ಳಬೇಕಾಗುತ್ತದೆ.

ಇನ್ನು ಸಾಲಿನ ಹೊರಗೆ ನಿಂತವರ ವಿಷಯ. ಹುಡುಗಿಯರಿಗಾಗಿ 1848ರಲ್ಲಿ ನಗರ ಬೇರೆಯೇ ಶಾಲೆ ತೆರೆದಿತ್ತು, ಮುಖ್ಯವಾಗಿ ಶಿಕ್ಷಕಿಯರನ್ನು ತಯಾರಿಸಲು. ಅದೇ ಮುಂದೆ ಫಿಲಡೆಲ್ಫಿಯಾ ಬಾಲಕಿಯರ ಪ್ರೌಢಶಾಲೆಯಾಗಿ, ತನ್ನದೇ ಗೌರವ ಮತ್ತು ಸಂಪ್ರದಾಯಗಳನ್ನು ಗಳಿಸಿ, 1958ರಲ್ಲಿ ಸೆಂಟ್ರಲ್‌ನ ಹತ್ತಿರಕ್ಕೇ ಬಂದು ನೆಲೆಸಿತು. ಹೀಗಿರುವಾಗ ತನ್ನ ಓದಿಗೆ ಸೆಂಟ್ರಲ್ ಹೆಚ್ಚು ಹೊಂದುತ್ತದೆಂದು ಅರ್ಜಿ ಹಾಕಿದ ಸುಸಾನ್ ವೋರ್ಚೈಮರ್ ಎಂಬ ಪ್ರತಿಭಾವಂತ ವಿದ್ಯಾರ್ಥಿನಿಯನ್ನು ಹೆಣ್ಣೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಲಾಯಿತು. ಮೊಕದ್ದಮೆಯಲ್ಲಿ 1975ರ ಮೊದಲ ತೀರ್ಪು ಆಕೆಯ ಪರವಾಗಿತ್ತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಒಬ್ಬರ ವಿರುದ್ಧ ಇಬ್ಬರ ಬಹುಮತದಿಂದ ಅದನ್ನು ಬದಿಗೆ ಸರಿಸಿತು. ಎರಡು ಶಾಲೆಗಳೂ ಸಮಾನವಾಗಿರುವಾಗ ಬೇರೆಬೇರೆಯಾಗಿದ್ದರೆ ತಪ್ಪೇನು ಎಂಬುದು ಬಹುಮತದ ವಾದ. ಕಪ್ಪು ಜನರನ್ನು ರೈಲಿನ ಬೇರೆ ಡಬ್ಬಿಗೆ ಕಳುಹಿಸಿದ 1896ರ ಕುಖ್ಯಾತ ತೀರ್ಪಿನ ತರ್ಕವೂ ಇದೇ ಆಗಿತ್ತೆಂದು ಭಿನ್ನಮತದ ನ್ಯಾಯಾಧೀಶ ಗಿಬ್ಬನ್ಸ್ ನೆನಪಿಸಿದರು. 1977ರಲ್ಲಿ ಸುಪ್ರೀಂ ಕೋರ್ಟು ನಾಲ್ಕು ನಾಲ್ಕು ಎಂದು ಸಮನಾಗಿ ಒಡೆದುಹೋಗಿ, ಒಂದು ಸಾಲಿನ ಕಾರಣವನ್ನೂ ಬರೆಯದೆ, ಕೆಳಗಿನ ತೀರ್ಪೇ ಉಳಿಯಿತು. ಆ ಹಂತದಲ್ಲಿ ವಿದ್ಯಾರ್ಥಿನಿಯ ಪಕ್ಷದಲ್ಲಿ ದುಡಿದ ವಕೀಲರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಒಬ್ಬರು. 1996ರಲ್ಲಿ ವರ್ಜೀನಿಯಾದ ಸೈನಿಕ ಕಾಲೇಜಿನ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆದ ತೀರ್ಪನ್ನು ಅದೇ ಸುಪ್ರೀಂ ಕೋರ್ಟಿನ ನ್ಯಾಯಾಧೀಶೆಯಾಗಿ ಬರೆದವರು ಅವರೇ.

ಫಿಲಡೆಲ್ಫಿಯಾ ಮಾತ್ರ ಅಷ್ಟು ಕಾಲ ಕಾಯಬೇಕಾಗಲಿಲ್ಲ. ನ್ಯೂಬರ್ಗ್ ಮೊಕದ್ದಮೆಯೆಂದು ಹೆಸರಾದ ಎರಡನೆಯ ದಾವೆ ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. ಪೆನ್ಸಿಲ್ವೇನಿಯಾದ ಸಂವಿಧಾನದಲ್ಲಿ ಲಿಂಗಸಮಾನತೆಯ ಸ್ಪಷ್ಟ ವಿಧಿ ಇದ್ದುದೂ ಇಲ್ಲಿ ನೆರವಿಗೆ ಬಂದಿತು. 1983ರ ಆಗಸ್ಟಿನಲ್ಲಿ ನ್ಯಾಯಾಧೀಶ ವಿಲಿಯಂ ಮರುಟಾನಿ ಎರಡೂ ಶಾಲೆಗಳ ಸೌಲಭ್ಯಗಳನ್ನು ಒಂದೊಂದಾಗಿ ಹೋಲಿಸಿ ನೋಡಿ, ಅವು ಸಮಾನವಾಗಿಲ್ಲವೆಂದೂ ಹುಡುಗಿಯರನ್ನು ಹೊರಗಿಡುವುದು ಸಂವಿಧಾನಬಾಹಿರವೆಂದೂ ತೀರ್ಪು ಕೊಟ್ಟರು. ಜಪಾನಿ ಮೂಲದ ಮರುಟಾನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮದೇ ದೇಶದ ಸರ್ಕಾರದಿಂದ ಶಿಬಿರವೊಂದರಲ್ಲಿ ಬಂಧನಕ್ಕೆ ಒಳಗಾಗಿದ್ದವರು. ಅಂತರ್ಜನಾಂಗೀಯ ವಿವಾಹದ ನಿಷೇಧವನ್ನು ಕೊನೆಗೊಳಿಸಿದ 1967ರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ವಾದಿಸಿದವರು. ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚುವುದೆಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹಳೆಯ ವಿದ್ಯಾರ್ಥಿಗಳ ಪ್ರತಿಭಟನೆಯ ನಡುವೆಯೂ ಶಿಕ್ಷಣಮಂಡಳಿ ಮೇಲ್ಮನವಿ ಸಲ್ಲಿಸಲಿಲ್ಲ. ಅದೇ ವರ್ಷ ಆರು ಹುಡುಗಿಯರು ನೇರವಾಗಿ ಕೊನೆಯ ತರಗತಿಗೆ ಸೇರಿ, 1984ರಲ್ಲಿ 243ನೆಯ ತಂಡದೊಂದಿಗೆ ಹೊರಬಂದರು. ಪರಂಪರೆ ನಾಶವಾಗುತ್ತದೆಂದು ಆಗ ವಾದಿಸಿದವರಿಗೆ ಬಾಲಕಿಯರ ಶಾಲೆಯ ಅಭಿಮಾನಿಗಳಲ್ಲೂ ಬೆಂಬಲಿಗರಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ತಮ್ಮ ಶಾಲೆಯ ಜಾಣೆಯರೆಲ್ಲ ಅತ್ತ ಹೋಗಿಬಿಟ್ಟಾರೆಂಬ ಅವರ ಅಂಜಿಕೆ ಹುಸಿಯೆಂದು ನಾನು ಹೇಳಲಾರೆ.

ಮೈಬಣ್ಣದ ಭೇದದ ಚರಿತ್ರೆ ಇದಕ್ಕಿಂತ ಹಳೆಯದು, ಮತ್ತು ಶಾಲೆಯ ಹೆಮ್ಮೆಯ ಬರಹಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ಶಾಲೆ ತೆರೆದ 1838ರಲ್ಲೇ ಪೆನ್ಸಿಲ್ವೇನಿಯಾದ ಹೊಸ ಸಂವಿಧಾನ ಕಪ್ಪು ಗಂಡಸರಿಂದ ಮತದ ಹಕ್ಕನ್ನು ಕಿತ್ತುಕೊಂಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಗುಲಾಮಗಿರಿಯ ವಿರೋಧಿಗಳು ನಗರದಲ್ಲಿ ಕಟ್ಟಿದ್ದ ಪೆನ್ಸಿಲ್ವೇನಿಯಾ ಸಭಾಭವನವನ್ನು ಉದ್ಘಾಟನೆಯಾದ ಮೂರೇ ದಿನಗಳಲ್ಲಿ ಉದ್ರಿಕ್ತ ಗುಂಪು ಸುಟ್ಟುಹಾಕಿತು. ಅಂಥ ನಗರ ಎಲ್ಲರ ಮಕ್ಕಳಿಗೂ ಎಂದು ಶಾಲೆ ಕಟ್ಟಿದಾಗ ಎಲ್ಲರೂ ಎಂಬುದಕ್ಕೆ ಎಷ್ಟು ಅಗಲವಿತ್ತೆಂದು ಊಹಿಸಬಹುದು. ಶಾಲೆಗಳಲ್ಲಿ ವರ್ಣಭೇದವನ್ನು ರಾಜ್ಯದ ಕಾನೂನು ನಿಷೇಧಿಸಿದ್ದು 1881ರಲ್ಲಿ. 1902ರಲ್ಲಿ ಓದು ಮುಗಿಸಿದ ಅಲೇನ್ ಲಾಕ್ ಮುಂದೆ ರೋಡ್ಸ್ ವಿದ್ಯಾರ್ಥಿವೇತನ ಗೆದ್ದ ಮೊದಲ ಕಪ್ಪು ಅಮೆರಿಕನ್ನರಾಗಿ, ಹಾರ್ಲೆಮ್ ಪುನರುಜ್ಜೀವನವೆಂಬ ಕಪ್ಪು ಜನರ ಸಾಹಿತ್ಯ ಮತ್ತು ಕಲಾ ಚಳುವಳಿಯ ಚಿಂತಕರಾಗಿ ಹೆಸರಾದರು.

ಈ ಪ್ರಶ್ನೆ ಇನ್ನೂ ಮುಗಿದಿಲ್ಲ. ನಗರದ ಶಾಲೆಗಳಲ್ಲಿ ಕಪ್ಪು ಮಕ್ಕಳ ಪ್ರಮಾಣಕ್ಕೂ ಸೆಂಟ್ರಲ್‌ನಲ್ಲಿ ಅವರ ಪ್ರಮಾಣಕ್ಕೂ ದೊಡ್ಡ ಅಂತರವಿದ್ದುದರಿಂದ, 2021ರಲ್ಲಿ ನಗರದ ಸಾರ್ವಜನಿಕ ಶಾಲೆಗಳ ಆಡಳಿತ ನಡೆಸುವ ಶಾಲಾ ಜಿಲ್ಲೆಯು ಆಯ್ಕೆಯ ಅಧಿಕಾರವನ್ನು ಶಾಲೆಗಳ ಕೈಯಿಂದ ತೆಗೆದು, ಅಂಕ ಮತ್ತು ಹಾಜರಾತಿಯ ಕನಿಷ್ಠ ಮಟ್ಟ ಮುಟ್ಟಿದ ಎಲ್ಲರ ನಡುವೆ ಲಾಟರಿ ಎತ್ತುವ ಪದ್ಧತಿಯನ್ನು ತಂದಿತು; ಈ ಶಾಲೆಗಳಿಗೆ ಹೆಚ್ಚು ಮಕ್ಕಳು ಬಾರದಿದ್ದ ಆರು ಪಿನ್‌ಕೋಡ್ ಪ್ರದೇಶಗಳಿಗೆ ಆದ್ಯತೆಯನ್ನೂ ಕೊಟ್ಟಿತು. ಹಾರ್ಟ್ ಅವರ ಕಾಲದಿಂದ ಅಂಕಕ್ಕೆ ಅಂಕ ಸೇರಿಸಿ ಸ್ಥಾನ ನಿರ್ಣಯಿಸುತ್ತ ಬಂದ ಶಾಲೆಗೆ ಇದು ಸಣ್ಣ ಪೆಟ್ಟಲ್ಲ. ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು, ಕೆಲವು ಪೋಷಕರು ನ್ಯಾಯಾಲಯಕ್ಕೆ ಹೋದರು. ಪ್ರತಿಭೆಯನ್ನು ಚೀಟಿ ಎತ್ತಿ ಆರಿಸಲಾಗದೆಂಬ ಅವರ ಮಾತಿನಲ್ಲಿ ಹುರುಳಿದೆ. ಆದರೆ ಎರಡು ಅಂಕದ ಅಂತರದಿಂದ ಪ್ರತಿಭೆಯನ್ನು ಅಳೆಯಬಹುದೆಂಬುದೂ ಒಂದು ನಂಬಿಕೆಯಷ್ಟೇ ಎಂದು ನನಗೆ ಅನಿಸುತ್ತದೆ, ಮತ್ತು ಹುಡುಗಿಯರ ಪ್ರವೇಶದ ಮೊಕದ್ದಮೆಗಳ ಸಮಯದಲ್ಲೂ ಪರಂಪರೆಯ ಹೆಸರಿನಲ್ಲಿ ಇಷ್ಟೇ ಖಚಿತವಾದ ಮಾತುಗಳು ಕೇಳಿಬಂದಿದ್ದವು. ಆ ಲಾಟರಿಯ ಮೂಲಕ 2022ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಮೊದಲ ಮಕ್ಕಳ ತಂಡಸಂಖ್ಯೆ 285.